ಜಪ್ಪಯ್ಯ ಅಂದರೂ ಕದಲದ ಡ್ರೈನ್ ಬೋಲ್ಟ್

ಬೈಕಿನ ಎಂಜಿನ್ ಆಯಿಲ್ ಬದಲಿಸುವುದು ಮನೆಯಂಗಳದಲ್ಲೇ ಮುಗಿಯುವ ಕೆಲಸ. ತಳದ ಡ್ರೈನ್ ಬೋಲ್ಟ್ ಬಿಚ್ಚಬೇಕು, ಹಳೇ ಆಯಿಲ್ ಇಳಿಸಬೇಕು, ಬೋಲ್ಟ್ ಮತ್ತೆ ಹಾಕಿ ಹೊಸ ಆಯಿಲ್ ತುಂಬಬೇಕು. ಕೆಲಸ ಕೆಡುವುದಿದ್ದರೆ ಬಹುಮಟ್ಟಿಗೆ ಮೊದಲ ಹೆಜ್ಜೆಯಲ್ಲೇ ಕೆಡುತ್ತದೆ. ಬೋಲ್ಟ್ ಕದಲುವುದಿಲ್ಲ.

ಸಣ್ಣ ಬೈಕುಗಳಲ್ಲಿ ಹೆಚ್ಚಾಗಿ ಕಾಣುವ ಡ್ರೈನ್ ಬೋಲ್ಟ್ 12 ಮಿ.ಮೀ. ದಪ್ಪದ ಉಕ್ಕಿನದು. ಅದು ಕೂರುವುದು ಅಲ್ಯೂಮಿನಿಯಂ ಎರಕದ ಎಂಜಿನ್ ಕೇಸಿನಲ್ಲಿ. ಈ ಗಾತ್ರದ ಬೋಲ್ಟಿಗೆ ಕಂಪನಿಗಳು ಹೇಳುವ ಬಿಗಿ ಸಾಮಾನ್ಯವಾಗಿ 20ರಿಂದ 30 ನ್ಯೂಟನ್-ಮೀಟರ್. 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯನ್ನು 12 ಕಿಲೋ ಭಾರ ಎತ್ತುವಷ್ಟು ಬಲದಿಂದ ಎಳೆದರೆ ಹತ್ತಿರಹತ್ತಿರ 24 ನ್ಯೂಟನ್-ಮೀಟರ್ ಆಯಿತು. ಒಂದೇ ಕೈಯಲ್ಲಿ ಆಗುವ ಕೆಲಸ. ಅಂಥ ಬೋಲ್ಟನ್ನು ಬಿಚ್ಚಲು ಸ್ಪ್ಯಾನರಿಗೆ ಉದ್ದನೆಯ ಪೈಪು ತೊಡಿಸಿ ಇಬ್ಬರು ಹೆಣಗುವ ಸ್ಥಿತಿ ಏಕೆ ಬರುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಬಿಚ್ಚುವ ದಾರಿಯೂ ಗೊತ್ತಾಗುತ್ತದೆ, ಮುಂದಿನ ಸಲ ಆ ಪಾಡು ಬಾರದಂತೆ ಬೋಲ್ಟ್ ಕೂರಿಸುವುದೂ ಗೊತ್ತಾಗುತ್ತದೆ.

ಬೋಲ್ಟಿನ ಥ್ರೆಡ್ಡು ಗುಡ್ಡವನ್ನು ಸುತ್ತಿ ಏರುವ ಘಾಟಿ ರಸ್ತೆಯ ಹಾಗೆ. ನಮ್ಮ 12 ಮಿ.ಮೀ. ಬೋಲ್ಟಿನಲ್ಲಿ ಒಂದು ಸುತ್ತಿನ ದಾರಿ ಸುಮಾರು 35 ಮಿ.ಮೀ., ಅಷ್ಟು ದೂರದಲ್ಲಿ ಏರುವುದು ಒಂದೂವರೆ ಮಿ.ಮೀ. ಮಾತ್ರ. ಅಂದರೆ ಎರಡೂವರೆ ಡಿಗ್ರಿಯ ಏರು. ಲೋಹದ ಮೇಲೆ ಲೋಹ ತಾನಾಗಿ ಜಾರಬೇಕಾದರೆ ಎಂಟು ಡಿಗ್ರಿಯ ಆಸುಪಾಸಿನ ಇಳಿಜಾರಾದರೂ ಬೇಕು. ಇಷ್ಟು ಸಣ್ಣ ಏರಿನಲ್ಲಿ ಬಿಗಿದ ಬೋಲ್ಟ್ ತಾನಾಗಿ ಹಿಂದಕ್ಕೆ ಜಾರುವುದಿಲ್ಲ. ಎಂಜಿನ್ ದಿನವಿಡೀ ನಡುಗುತ್ತಿದ್ದರೂ ಬೋಲ್ಟ್ ಉದುರದೇ ನಿಲ್ಲುವುದು ಈ ಘರ್ಷಣೆಯ ಬಲದಿಂದ.

ನಾವು ಸ್ಪ್ಯಾನರಿಗೆ ಹಾಕುವ ಬಲ ಎಲ್ಲಿ ಹೋಗುತ್ತದೆ ಎಂಬ ಲೆಕ್ಕ ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಸ್ವಾರಸ್ಯದ ಭಾಗ. 24 ನ್ಯೂಟನ್-ಮೀಟರ್ ಬಿಗಿದಾಗ ಬೋಲ್ಟಿನ ತಲೆ ಕೆಳಗಿನ ವಾಷರನ್ನು ಹತ್ತಿರಹತ್ತಿರ ಒಂದು ಟನ್ ಭಾರದಷ್ಟು ಒತ್ತುತ್ತದೆ. ಆದರೆ ಈ ಒತ್ತಡ ಹುಟ್ಟಿಸುವುದಕ್ಕೆ ನಿಜಕ್ಕೂ ಖರ್ಚಾಗುವುದು 24ರಲ್ಲಿ 2.4 ಮಾತ್ರ. ಅರ್ಧದಷ್ಟನ್ನು ಬೋಲ್ಟಿನ ತಲೆ ಮತ್ತು ವಾಷರಿನ ನಡುವಿನ ತಿಕ್ಕಾಟ ನುಂಗುತ್ತದೆ. ಮಿಕ್ಕ ನೂರಕ್ಕೆ ನಲವತ್ತು ಪಾಲು ಥ್ರೆಡ್ಡುಗಳ ತಿಕ್ಕಾಟಕ್ಕೆ ಹೋಗುತ್ತದೆ. ಕೈಗೆ ಬಿಗಿ ಎಂದು ತಿಳಿಯುವುದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬರೀ ಘರ್ಷಣೆ.

ಬಿಚ್ಚುವಾಗ ಲೆಕ್ಕ ತುಸು ನಮ್ಮ ಪರವಾಗಿರುತ್ತದೆ. ಘರ್ಷಣೆಯ 21.6ನ್ನು ಮತ್ತೆ ಗೆಲ್ಲಬೇಕು, ನಿಜ. ಆದರೆ ಏರಿದ್ದು ಈಗ ಇಳಿಯುತ್ತಿರುವುದರಿಂದ ಆ 2.4 ನಮಗೆ ನೆರವಾಗುತ್ತದೆ. ಹಾಗಾಗಿ 24ರಲ್ಲಿ ಬಿಗಿದ ಸ್ವಚ್ಛ ಬೋಲ್ಟ್ 19ರ ಸುಮಾರಿಗೆ ಬಿಚ್ಚಿಕೊಳ್ಳಬೇಕು. ಕೇವಲ ಕೆಲವು ಡಿಗ್ರಿ ತಿರುಗಿದರೆ ಸಾಕು, ಆ ಒಂದು ಟನ್ನಿನ ಒತ್ತಡ ಇಲ್ಲವಾಗಿ ಬೋಲ್ಟ್ ಬೆರಳಲ್ಲೇ ತಿರುಗತೊಡಗುತ್ತದೆ. ಹೆಣಗಾಟವೆಲ್ಲ ಆ ಕೆಲವು ಡಿಗ್ರಿಗಾಗಿ.

ಹಾಗಾದರೆ 50, 60 ನ್ಯೂಟನ್-ಮೀಟರಿಗೂ ಜಗ್ಗದ ಬೋಲ್ಟ್ ಏನು ಹೇಳುತ್ತಿದೆ? ಬಹಳ ಸಲ ಅದು ಹೇಳುವುದು ಹಿಂದಿನ ಸಲ ಬಿಗಿದ ಕೈಯ ಕಥೆಯನ್ನು. "ಚೆನ್ನಾಗಿ ಟೈಟ್ ಮಾಡಪ್ಪಾ, ಒಂದು ಹನಿಯೂ ಸೋರಬಾರದು" ಎನ್ನುತ್ತಾರೆ ಬೈಕಿನ ಯಜಮಾನರು. ಗ್ಯಾರೇಜಿನ ಹುಡುಗ ಸ್ಪ್ಯಾನರಿಗೆ ಮೈಭಾರ ಹಾಕುತ್ತಾನೆ. ಹಳೆಯ, ಚಪ್ಪಟೆಯಾದ ವಾಷರ್ ಇದ್ದರೆ ಎಷ್ಟು ಬಿಗಿದರೂ ತೇವ ಕಾಣುತ್ತದೆ, ಇನ್ನಷ್ಟು ಬಿಗಿಯುತ್ತಾನೆ. ಆಯಿಲ್ ಸೋರದಂತೆ ತಡೆಯುವುದು ವಾಷರಿನ ಕೆಲಸ. ಅದನ್ನು ಬೋಲ್ಟಿನ ಬಿಗಿಯಿಂದ ಮಾಡಿಸಲು ಹೊರಟಲ್ಲೇ ಮುಂದಿನ ತೊಂದರೆ ಶುರುವಾಗುತ್ತದೆ.

ಎರಡನೆಯ ಕಾರಣ ತುಕ್ಕು. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದ್ದು, ನಡುವೆ ಉಪ್ಪುನೀರು ಸೇರಿಕೊಂಡರೆ ಅದೊಂದು ಪುಟ್ಟ ಬ್ಯಾಟರಿ. ಆ ಜೋಡಿಯಲ್ಲಿ ಕರಗುವುದು ಅಲ್ಯೂಮಿನಿಯಂ. ಅದರಿಂದ ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಸಂದುಗಳಲ್ಲಿ ತುಂಬಿಕೊಂಡು ಬೆಣೆಯಾಗಿ ಕೂರುತ್ತದೆ. ಕರಾವಳಿಯಲ್ಲಿ, ಮಂಗಳೂರು ಕಾರವಾರಗಳ ಉಪ್ಪುಗಾಳಿಯಲ್ಲಿ ಓಡುವ ಬೈಕುಗಳಿಗೆ ಈ ಕಾಟ ಜಾಸ್ತಿ. ಒಂದು ಸಮಾಧಾನವೆಂದರೆ ಡ್ರೈನ್ ಬೋಲ್ಟಿನ ಥ್ರೆಡ್ಡುಗಳಿಗೆ ಒಳಗಿನಿಂದ ಆಯಿಲಿನ ಸ್ನಾನ ಆಗುತ್ತಲೇ ಇರುತ್ತದೆ. ತುಕ್ಕು ಹಿಡಿಯುವುದು ಮುಖ್ಯವಾಗಿ ಹೊರಗಡೆ, ತಲೆಯ ಅಂಚಿನಲ್ಲಿ, ಕೆಸರು ನೀರು ನಿಲ್ಲುವ ಕಡೆ. ಆದ್ದರಿಂದ ತುಕ್ಕು ಬಿಡಿಸುವ ಸ್ಪ್ರೇ ಹಾಕುವವರು ಮೊದಲು ತಂತಿ ಬ್ರಷ್ಷಿನಿಂದ ತಲೆಯ ಸುತ್ತ ಕೆರೆದು, ವಾಷರಿನ ಸಂದಿಗೇ ಹಾಕಬೇಕು. ಮಣ್ಣಿನ ಮೇಲೆ ಹೊಡೆದರೆ ಮಣ್ಣು ನೆನೆಯುತ್ತದೆ, ಅಷ್ಟೇ. ಒಂದು ರಾತ್ರಿ ಬಿಟ್ಟರೆ ಸೂಕ್ಷ್ಮ ಸಂದುಗಳಿಗೆ ದ್ರವ ತಾನೇ ಏರಿ ಹೋಗುತ್ತದೆ.

ಮೂರನೆಯದು ಕಾಲ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಅದು ನಿಂತಿದ್ದ ಹೊತ್ತು ಹೆಚ್ಚಿದಂತೆ ಹೆಚ್ಚುತ್ತದೆ ಎಂದು ಫ್ರಾನ್ಸಿನ ಕೂಲಂಬ್ 18ನೇ ಶತಮಾನದಲ್ಲೇ ಗಮನಿಸಿದ್ದ. ನುಣುಪಾಗಿ ಕಾಣುವ ಲೋಹಗಳೂ ನಿಜಕ್ಕೆ ಮುಟ್ಟಿಕೊಳ್ಳುವುದು ಅಲ್ಲಲ್ಲಿ ಎದ್ದ ಸೂಕ್ಷ್ಮ ಉಬ್ಬುಗಳಲ್ಲಿ ಮಾತ್ರ ಎಂದು ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ 20ನೇ ಶತಮಾನದಲ್ಲಿ ತೋರಿಸಿಕೊಟ್ಟರು. ಒತ್ತಡದಲ್ಲಿ ಆ ಉಬ್ಬುಗಳು ನಿಧಾನ ಚಪ್ಪಟೆಯಾಗುತ್ತಾ ಮುಟ್ಟುವ ಜಾಗ ಹಿಗ್ಗುತ್ತದೆ. ಕಾಲದ ಈ ಪಾಲು ಸಣ್ಣದು. ಮೊದಲಿನ ಎರಡರ ಜೊತೆ ಸೇರಿದಾಗ ಲೆಕ್ಕಕ್ಕೆ ಬರುತ್ತದೆ.

ಈಗ ಬಿಚ್ಚುವ ಕೆಲಸ. ಎಲ್ಲಕ್ಕಿಂತ ಮೊದಲು ದಿಕ್ಕು. ಬೋಲ್ಟಿನ ಮುಖ ನೆಲದ ಕಡೆ ಇರುತ್ತದೆ, ನಾವು ಮೇಲಿನಿಂದ ಬಗ್ಗಿ ನೋಡುತ್ತೇವೆ. ತಲೆಯನ್ನು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕಾದದ್ದು, ಸೀಟಿನ ಕಡೆಯಿಂದ ನೋಡುವವರಿಗೆ ಮುಳ್ಳಿನ ದಿಕ್ಕಿಗೇ ಕಾಣುತ್ತದೆ. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿದೇ ಬಿಗಿದು ಥ್ರೆಡ್ಡು ಕಿತ್ತವರು ಕಡಿಮೆಯಿಲ್ಲ. ಸಂದೇಹ ಬಂದರೆ ನೆಲಕ್ಕೆ ತಲೆಯಿಟ್ಟು ಬೋಲ್ಟನ್ನು ಎದುರಿನಿಂದಲೇ ನೋಡುವುದು ಒಳ್ಳೆಯದು.

ಎರಡನೆಯ ವಿಷಯ ಹಿಡಿತ. ಬಾಯಿ ತೆರೆದ ಸ್ಪ್ಯಾನರು ಆರು ಮೂಲೆಯ ತಲೆಯನ್ನು ಎರಡೇ ಮೂಲೆಗಳಲ್ಲಿ ತಳ್ಳುತ್ತದೆ. 17 ಮಿ.ಮೀ. ಅಗಲದ ತಲೆಗೆ 60 ನ್ಯೂಟನ್-ಮೀಟರ್ ಹಾಕಿದರೆ ಒಂದೊಂದು ಮೂಲೆಯ ಮೇಲೆ ಬೀಳುವ ಒತ್ತಡ ಅರ್ಧ ಟನ್ ಮೀರುತ್ತದೆ. ಜೊತೆಗೆ ಸ್ಪ್ಯಾನರಿನ ಬಾಯಿ ತುಸು ಅಗಲವಾಗುತ್ತದೆ, ಮೂಲೆ ಸವೆದು ತಲೆ ಗುಂಡಾಗುತ್ತದೆ. ಅದೇ ಬಲವನ್ನು ಆರು ಮೂಲೆಯ ಸಾಕೆಟ್ಟು ಆರಕ್ಕೂ ಹಂಚುತ್ತದೆ, ಒಂದೊಂದರ ಪಾಲು ಮೂರರಲ್ಲೊಂದಕ್ಕೆ ಇಳಿಯುತ್ತದೆ. ಕೈಯಲ್ಲಿ ಎಷ್ಟೇ ಬಲವಿರಲಿ, ಈ ಕೆಲಸಕ್ಕೆ ಆರು ಮೂಲೆಯ ಸಾಕೆಟ್ಟನ್ನೇ ಹುಡುಕಿ ತರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಲೆಯ ಮೇಲಿನ ಕೆಸರು ಕೆರೆದು, ಸಾಕೆಟ್ಟು ತಳದವರೆಗೆ ಕೂತಿದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಬೇಕು.

ಎಂಜಿನ್ ಬಿಸಿ ಮಾಡಿದರೆ ಬೋಲ್ಟ್ ಸಡಿಲಾಗುತ್ತದೆ ಎಂಬ ಮಾತು ಎಲ್ಲ ಗ್ಯಾರೇಜುಗಳಲ್ಲೂ ಇದೆ. ಅದು ಅರ್ಧ ಸತ್ಯ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ 60 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ 12 ಮಿ.ಮೀ. ತೂತು ಬೋಲ್ಟಿಗಿಂತ ಏಳೆಂಟು ಮೈಕ್ರಾನ್ ಹೆಚ್ಚು ಅಗಲವಾಗುತ್ತದೆ, ತಲೆಗೂದಲ ದಪ್ಪದ ಹತ್ತನೇ ಒಂದರಷ್ಟು. ಸುತ್ತಲಿನ ಹಿಡಿತ ಸಡಿಲಾಯಿತು. ಆದರೆ ಬೋಲ್ಟಿನ ತಲೆಗೂ ಥ್ರೆಡ್ಡಿಗೂ ನಡುವಿನ ಅಲ್ಯೂಮಿನಿಯಂ ಕೂಡ ಉಕ್ಕಿಗಿಂತ ಹೆಚ್ಚು ಉದ್ದವಾಗುತ್ತದೆ, ತಲೆಯನ್ನು ಹೊರಕ್ಕೆ ತಳ್ಳುತ್ತದೆ. ತಲೆಯ ಕೆಳಗಿನ ಒತ್ತಡ ಏರುತ್ತದೆ. ಹೀಗಾಗಿ ಸ್ವಚ್ಛವಾಗಿದ್ದು ಅತಿಯಾಗಿ ಬಿಗಿದ ಬೋಲ್ಟಿಗೆ ಬಿಸಿಯಿಂದ ದೊಡ್ಡ ಲಾಭ ನಿರೀಕ್ಷಿಸಬಾರದು. ತುಕ್ಕು ಹಿಡಿದ ಬೋಲ್ಟಿಗೆ ಮಾತ್ರ ಲಾಭವಿದೆ. ಎರಡು ಲೋಹಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವಾಗ ನಡುವಿನ ಗಡುಸು ಪುಡಿ ಬಿರುಕು ಬಿಡುತ್ತದೆ, ಸ್ಪ್ರೇ ಒಳಕ್ಕೆ ಇಳಿಯಲು ದಾರಿಯಾಗುತ್ತದೆ. ಎಂಜಿನ್ ಐದು ನಿಮಿಷ ಓಡಿಸಿದರೆ ಆಯಿಲ್ ತೆಳುವಾಗಿ ಚೆನ್ನಾಗಿ ಇಳಿಯುತ್ತದೆ ಎಂಬ ಕಾರಣಕ್ಕೂ ಬೆಚ್ಚಗಿರುವಾಗಲೇ ಬಿಚ್ಚುವುದು ಸರಿ. ಸೈಲೆನ್ಸರ್ ಪೈಪಿನಿಂದ ಕೈ ದೂರವಿರಲಿ. ಬೆಂಕಿಯ ಜ್ವಾಲೆಯನ್ನು ಆಯಿಲ್ ಪೆಟ್ರೋಲಿನ ಹತ್ತಿರ ತರಲೇಬಾರದು.

ಪೈಪು ತೊಡಿಸುವುದಕ್ಕಿಂತ ಪೆಟ್ಟು ಮೇಲು. 60 ಕಿಲೋ ತೂಗುವವರು 60 ಸೆಂ.ಮೀ. ಪೈಪಿನ ತುದಿ ಮೆಟ್ಟಿ ನಿಂತರೆ 350 ನ್ಯೂಟನ್-ಮೀಟರ್ ಬೀಳುತ್ತದೆ. ಅಷ್ಟಕ್ಕೆ ಬೋಲ್ಟ್ ಮುರಿಯುತ್ತದೆ, ಇಲ್ಲವೇ ಬೈಕೇ ಸ್ಟ್ಯಾಂಡಿನಿಂದ ಉರುಳುತ್ತದೆ. ಉದ್ದ ಪೈಪಿನ ಎಳೆತಕ್ಕೆ ಸಾಕೆಟ್ಟು ವಾಲಿ ಮೂಲೆಗಳನ್ನು ತಿನ್ನುವುದೂ ಉಂಟು. ಸುತ್ತಿಗೆಯ ಪೆಟ್ಟು ಬದುಕುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಬಲ ತಟ್ಟನೆ ಏರಿ ಇಳಿಯುತ್ತದೆ, ಆ ನಡುಕಕ್ಕೆ ಅಂಟಿಕೊಂಡ ಉಬ್ಬುಗಳು ಕೂದಲೆಳೆಯಷ್ಟು ಜಾರುತ್ತವೆ. ಒಮ್ಮೆ ಜಾರಿತೆಂದರೆ ಮುಂದಿನದು ಸುಲಭ, ಏಕೆಂದರೆ ಚಲಿಸುವ ಮೇಲ್ಮೈಗಳ ಘರ್ಷಣೆ ನಿಂತವಕ್ಕಿಂತ ಕಡಿಮೆ. ಬೋಲ್ಟಿನ ತಲೆಗೆ ನೇರವಾಗಿ ಹಿತವಾದ ನಾಲ್ಕಾರು ಪೆಟ್ಟು ಕೊಟ್ಟು, ಆಮೇಲೆ ಸಾಕೆಟ್ಟಿನ ಹಿಡಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದು ಕೈಯಿಂದ ಅದರ ತುದಿಗೆ ರಬ್ಬರ್ ಸುತ್ತಿಗೆಯಿಂದ ಚುರುಕಾಗಿ ತಟ್ಟಬೇಕು. "ಟಕ್" ಎಂದು ಒಂದು ಸದ್ದು ಬಂತೆಂದರೆ ಬೋಲ್ಟ್ ಸೋತಿದೆ. ಇಂಪ್ಯಾಕ್ಟ್ ಗನ್ ಮಾಡುವುದೂ ಇದನ್ನೇ, ಬಹಳ ವೇಗವಾಗಿ. ಕೇಸಿಗೆ ಮಾತ್ರ ಪೆಟ್ಟು ಬೀಳಬಾರದು. ಎರಕದ ಅಲ್ಯೂಮಿನಿಯಂ ಬಾಗುವ ಮೊದಲೇ ಸೀಳುತ್ತದೆ.

ತಲೆ ಆಗಲೇ ಗುಂಡಾಗಿದ್ದರೆ ವೆಲ್ಡಿಂಗ್ ಅಂಗಡಿಗೆ ಒಯ್ಯುವುದು ಲೇಸು. ಆಯಿಲ್ ಪೆಟ್ರೋಲಿನ ಪಸೆ ಒರೆಸಿ, ಬ್ಯಾಟರಿ ವೈರು ಕಳಚಿ, ತಲೆಯ ಮೇಲೆ ಹೊಸದೊಂದು ನಟ್ಟು ಬೆಸೆದರೆ ಹಿಡಿಯಲು ಹೊಸ ಮೂಲೆಗಳು ಸಿಗುತ್ತವೆ, ಬೆಸುಗೆಯ ಕಾವು ಬೋಲ್ಟನ್ನೂ ಬೆಚ್ಚಗೆ ಮಾಡಿರುತ್ತದೆ. ಗ್ಯಾರೇಜುಗಳಲ್ಲಿ ಉಳಿಯಿಟ್ಟು ತಲೆಯ ಅಂಚಿಗೆ ಹೊಡೆದು ತಿರುಗಿಸುವುದುಂಟು. ಕೆಲಸ ಆಗುತ್ತದೆ, ಆದರೆ ಬೋಲ್ಟಿನ ಆಯುಷ್ಯ ಅಲ್ಲಿಗೆ ಮುಗಿಯಿತು.

ಬೋಲ್ಟ್ ಹೊರಬಂದ ಮೇಲೆ ಅದರ ಥ್ರೆಡ್ಡನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿಯಬೇಕು. ಉಕ್ಕಿನ ಸುತ್ತುಗಳ ನಡುವೆ ಹೊಳೆಯುವ ಬೆಳ್ಳಿ ಬಣ್ಣದ ಎಳೆ ಸಿಕ್ಕಿಕೊಂಡಿದ್ದರೆ ಅದು ಕೇಸಿನಿಂದ ಕಿತ್ತು ಬಂದ ಅಲ್ಯೂಮಿನಿಯಂ. ಥ್ರೆಡ್ಡುಗಳು ಭಾರವನ್ನು ಸಮನಾಗಿ ಹೊರುವುದಿಲ್ಲ. ತಲೆಗೆ ಹತ್ತಿರದ ಮೊದಲ ಸುತ್ತೊಂದೇ ಒಟ್ಟು ಭಾರದ ಮೂರರಲ್ಲೊಂದು ಪಾಲು ಹೊರುತ್ತದೆ. ಅತಿಯಾಗಿ ಬಿಗಿದಾಗ ಮೊದಲು ಸೋಲುವುದು ಆ ಸುತ್ತು, ಅದರ ಭಾರ ಎರಡನೆಯದಕ್ಕೆ ಬಿದ್ದು ಅದೂ ಸೋಲುತ್ತದೆ. "ಸ್ಲಿಪ್ ಹೊಡೀತಿದೆ ಸಾರ್" ಎಂದು ಮೆಕ್ಯಾನಿಕ್ ಹೇಳುವ ಹೊತ್ತಿಗೆ ಈ ಸರಣಿ ಮುಗಿದಿರುತ್ತದೆ. ಎಪಾಕ್ಸಿ ಮೆತ್ತಿ ತಳ್ಳುವವರಿದ್ದಾರೆ. ಅದು ಮುಂದಿನ ಆಯಿಲ್ ಬದಲಾವಣೆಯವರೆಗಿನ ಮಾತು. ತೂತನ್ನು ತುಸು ದೊಡ್ಡದು ಮಾಡಿ, ಟ್ಯಾಪ್‌ನಿಂದ ಹೊಸ ಥ್ರೆಡ್ಡು ಕೊರೆದು, ಸ್ಟೇನ್‌ಲೆಸ್ ತಂತಿಯ ಸುರುಳಿ ಕೂರಿಸುವ ಹೆಲಿಕಾಯಿಲ್ ಪದ್ಧತಿ ಇದಕ್ಕೆ ಸರಿಯಾದ ಮದ್ದು. ಬೋಲ್ಟ್ ಈಗ ಉಕ್ಕಿನ ಥ್ರೆಡ್ಡಿನಲ್ಲಿ ತಿರುಗುತ್ತದೆ, ಸುರುಳಿಯ ಹೊರಮೈ ಅಗಲವಾಗಿರುವುದರಿಂದ ಅಲ್ಯೂಮಿನಿಯಂ ಮೇಲೆ ಭಾರವೂ ಹಂಚಿಹೋಗುತ್ತದೆ. ಒಳ್ಳೆಯ ಕೈಯಲ್ಲಿ ಮಾಡಿಸಿದರೆ ಮೊದಲಿಗಿಂತ ಗಟ್ಟಿ. ಟ್ಯಾಪಿಗೆ ದಪ್ಪಗೆ ಗ್ರೀಸ್ ಬಳಿದರೆ ಲೋಹದ ಚೂರುಗಳು ಅದಕ್ಕೆ ಅಂಟಿ ಹೊರಬರುತ್ತವೆ. ಆಮೇಲೂ ಒಂದಿಷ್ಟು ಆಯಿಲ್ ಸುರಿದು ತೊಳೆಯುವುದನ್ನು ಮರೆಯಬಾರದು.

ಮತ್ತೆ ಕೂರಿಸುವಾಗ ಹೊಸ ವಾಷರ್ ಹಾಕಬೇಕು. ತಾಮ್ರ ಅಥವಾ ಅಲ್ಯೂಮಿನಿಯಂ ವಾಷರು ಮೆದುವಾಗಿರುವುದೇ ಅದರ ಗುಣ. ಒತ್ತಿದಾಗ ಅದು ಶಾಶ್ವತವಾಗಿ ರೂಪ ಬದಲಿಸಿ ಎರಡೂ ಕಡೆಯ ಗೀರುಗಳನ್ನು ತುಂಬಿಬಿಡುತ್ತದೆ. ಒಮ್ಮೆ ಹಿಚುಕಿದ ತಾಮ್ರ ಗಡುಸಾಗುತ್ತದೆ, ಎರಡನೇ ಸಲ ಹೊಸ ಗೀರುಗಳನ್ನು ತುಂಬುವಷ್ಟು ಮೆದು ಇರುವುದಿಲ್ಲ. ಮಂದ ಕೆಂಪಾಗುವಷ್ಟು ಕಾಯಿಸಿದರೆ ತಾಮ್ರ ಮತ್ತೆ ಮೆದುವಾಗುತ್ತದೆ, ಹಳಬರು ಹಾಗೆ ಮಾಡುತ್ತಿದ್ದರು. ಕೆಲವೇ ರೂಪಾಯಿಗೆ ಹೊಸದು ಸಿಗುವಾಗ ಅದರ ಅಗತ್ಯವಿಲ್ಲ.

ಬೋಲ್ಟನ್ನು ಮೊದಲ ಮೂರ್ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಬೇಕು. ಬೆರಳಿಗೆ ಅಡ್ಡಿ ಎನಿಸಿದರೆ ಥ್ರೆಡ್ಡು ಓರೆಯಾಗಿ ಕೂತಿದೆ ಎಂದರ್ಥ, ಅಲ್ಲೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಬೇಕು. ಆಮೇಲೆ ಟಾರ್ಕ್ ರೆಂಚ್. ನ್ಯೂಯಾರ್ಕಿನ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಕೊಳವೆಗಳ ಬೋಲ್ಟುಗಳನ್ನು ಕೆಲಸಗಾರರು ಅತಿಯಾಗಿ ಬಿಗಿಯುವುದನ್ನು ತಪ್ಪಿಸಲು ರೂಪಿಸಿದ ಇಂಥ ಸಲಕರಣೆಗೆ 1937ರಲ್ಲಿ ಪೇಟೆಂಟ್ ದೊರೆಯಿತು. ತೊಂದರೆ ಅಂದೂ ಇದೇ ಆಗಿತ್ತು. ನಿಮ್ಮ ಬೈಕಿನ ಕೈಪಿಡಿಯಲ್ಲಿ ಬರೆದ ಸಂಖ್ಯೆಗೆ ರೆಂಚನ್ನು ಹೊಂದಿಸಿ, "ಕ್ಲಿಕ್" ಎಂದೊಡನೆ ಕೈ ತೆಗೆಯಬೇಕು. ಅದಕ್ಕೂ ಮುಂಚೆ ಥ್ರೆಡ್ಡನ್ನೂ ವಾಷರ್ ಕೂರುವ ಜಾಗವನ್ನೂ ಚೆನ್ನಾಗಿ ಒರೆಸಿರಬೇಕು. ಜಿಡ್ಡು ತುಂಬಿದ ಬೋಲ್ಟಿನಲ್ಲಿ ಘರ್ಷಣೆ ಕಡಿಮೆಯಾಗಿ, ಅದೇ 24 ನ್ಯೂಟನ್-ಮೀಟರಿಗೆ ಒಂದು ಟನ್ ಇದ್ದ ಒತ್ತಡ ಒಂದೂ ಕಾಲು ಟನ್ ದಾಟಿಬಿಡುತ್ತದೆ.

ಹೊಸ ಆಯಿಲ್ ತುಂಬಿ ಎಂಜಿನ್ ಹತ್ತು ನಿಮಿಷ ಓಡಿಸಿ, ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಗ್ಗೆ ಪೇಪರಿನ ಮೇಲೆ ಹನಿ ಕಂಡರೆ ಸ್ಪ್ಯಾನರ್ ಹಿಡಿದು ಇನ್ನಷ್ಟು ಬಿಗಿಯಲು ಹೋಗಬೇಡಿ. ಬೋಲ್ಟ್ ಬಿಚ್ಚಿ, ಆಯಿಲನ್ನು ಶುಚಿಯಾದ ಪಾತ್ರೆಗೆ ಇಳಿಸಿ, ವಾಷರ್ ಕೂರುವ ಜಾಗದಲ್ಲಿ ಹಳೆಯ ವಾಷರಿನ ಚೂರೋ ಮರಳಿನ ಕಣವೋ ಅಂಟಿದೆಯೇ ನೋಡಿ. ಹೆಚ್ಚಿನ ಸಲ ಅಲ್ಲೇ ಸಿಗುತ್ತದೆ.