ಆಪರೇಷನ್‌ಗೆ ಕಾಯುವ ವಾರಗಳು

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಅವರ ಕೈಯಿಂದ ಪೊರಕೆ, ಬಿಂದಿಗೆ, ಸಂತೆ ಚೀಲ ಎಲ್ಲವನ್ನೂ ಕಿತ್ತುಕೊಳ್ಳುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ. ಆ ಪ್ರೀತಿಯೇ ಅವರನ್ನು ಬಲಹೀನರನ್ನಾಗಿಸಿ ಆಪರೇಷನ್ ಥಿಯೇಟರ್‌ಗೆ ಕಳಿಸುತ್ತದೆ.

ತಪ್ಪು ಕಲ್ಪನೆ: ಶಸ್ತ್ರಚಿಕಿತ್ಸೆಗೆ ಮುಂಚೆ ಪೂರ್ತಿ ವಿಶ್ರಾಂತಿ ಬೇಕು.

ವಾಸ್ತವ: ಮಲಗಿದರೆ ಶಕ್ತಿ ಉಳಿಯುವುದಿಲ್ಲ, ಕರಗುತ್ತದೆ. ಆರೋಗ್ಯವಾಗಿದ್ದ ವೃದ್ಧರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದರಲ್ಲಿ (2007) ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಇಳಿದಿತ್ತು, ಇಳಿದದ್ದು ಕೊಬ್ಬಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ದೇಹ ಹೆಚ್ಚು ಆಮ್ಲಜನಕ ಕೇಳುತ್ತದೆ. ಅದನ್ನು ಪೂರೈಸುವ ಕಸುವು ಹೃದಯಕ್ಕೂ ಶ್ವಾಸಕೋಶಕ್ಕೂ ಇಲ್ಲದಿದ್ದರೆ ನ್ಯುಮೋನಿಯಾದಂಥ ತೊಡಕುಗಳು ಹತ್ತಿರವಾಗುತ್ತವೆ.

ತಪ್ಪು ಕಲ್ಪನೆ: ಫಿಸಿಯೋಥೆರಪಿ ಆಪರೇಷನ್ ಆದಮೇಲೆ ಮಾಡಿಸಿದರಾಯಿತು.

ವಾಸ್ತವ: ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸೆಸ್ಕೊ ಕಾರ್ಲಿ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ದೊಡ್ಡ ಕರುಳಿನ ಕ್ಯಾನ್ಸರ್‌ನ 77 ರೋಗಿಗಳಲ್ಲಿ ಒಂದು ಗುಂಪಿಗೆ ಶಸ್ತ್ರಚಿಕಿತ್ಸೆಗೆ ಮುಂಚಿನಿಂದಲೇ ವ್ಯಾಯಾಮ, ಪ್ರೋಟೀನ್, ಮನಸ್ಸಿಗೆ ಧೈರ್ಯ. ಇನ್ನೊಂದು ಗುಂಪಿಗೆ ಅವೆಲ್ಲ ನಂತರ ಮಾತ್ರ. ಎಂಟು ವಾರ ಕಳೆದಾಗ ಮೊದಲ ಗುಂಪಿನಲ್ಲಿ ಶೇ 84 ಮಂದಿ ಮುಂಚಿನಂತೆ ನಡೆಯುತ್ತಿದ್ದರು. ಎರಡನೆಯದರಲ್ಲಿ ಶೇ 62.

ತಪ್ಪು ಕಲ್ಪನೆ: ಮೂರು–ನಾಲ್ಕು ವಾರದಲ್ಲಿ ಏನು ಮಹಾ ಆಗುತ್ತದೆ?

ವಾಸ್ತವ: ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ಇದೇ ಕಾಯಿಲೆಯ 251 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ತರಬೇತಿ ನಾಲ್ಕೇ ವಾರ. ತೀವ್ರ ತೊಡಕುಗಳು ಸುಮಾರು ಶೇ 30ರಿಂದ 17ಕ್ಕೆ ಇಳಿದವು. ಆದರೆ ವ್ಯಾಯಾಮಕ್ಕೆಂದು ನೀವಾಗಿಯೇ ಆಪರೇಷನ್ ಮುಂದೂಡಬೇಡಿ. ಇರುವ ದಿನಗಳನ್ನೇ ಬಳಸಿಕೊಳ್ಳಿ.

ತಪ್ಪು ಕಲ್ಪನೆ: ಮೈ ಆಡಿಸಿದರೆ ಗೆಡ್ಡೆ ಹರಡುತ್ತದೆ.

ವಾಸ್ತವ: ಇದಕ್ಕೆ ಪುರಾವೆಯಿಲ್ಲ.

ತಪ್ಪು ಕಲ್ಪನೆ: ಬೆಳಗಿನ ವಾಕಿಂಗ್ ಒಂದೇ ಸಾಕು.

ವಾಸ್ತವ: ಮಾತಾಡಲು ತುಸು ಕಷ್ಟವಾಗುವಷ್ಟು ಬಿರುಸಾಗಿ ನಡೆದರೆ ಒಳ್ಳೆಯದು, ಆದರೆ ಸ್ನಾಯುಗಳಿಗೂ ಕೆಲಸ ಬೇಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನೇ ಹತ್ತು ಸಲ ಮಾಡಿಸಿ. ದಿನವೂ ಬೇಳೆ, ಮೊಟ್ಟೆ, ಹಾಲು, ಮೀನು ಏನು ಒಗ್ಗುತ್ತದೋ ಅದು ತಟ್ಟೆಯಲ್ಲಿರಲಿ. ಬರೀ ಗಂಜಿಯಿಂದ ಸ್ನಾಯು ಬೆಳೆಯದು. ಬೀಡಿ, ಸಿಗರೇಟು ಇಂದೇ ನಿಲ್ಲಲಿ. ಆಳವಾಗಿ ಉಸಿರೆಳೆಯುವ, ಕಫ ಕೆಮ್ಮಿ ತೆಗೆಯುವ ಕ್ರಮವನ್ನು ಮುಂಚೆಯೇ ಕಲಿಸಿ: ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ಇದನ್ನು ಒಂದೇ ಭೇಟಿಯಲ್ಲಿ ಹೇಳಿಕೊಟ್ಟಾಗ ಶ್ವಾಸಕೋಶದ ತೊಡಕುಗಳು ಅರ್ಧಕ್ಕಿಳಿದದ್ದು ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಅಧ್ಯಯನದಲ್ಲಿ (2018) ಕಂಡಿತು.

ತಪ್ಪು ಕಲ್ಪನೆ: ಎಲ್ಲರಿಗೂ ಒಂದೇ ವ್ಯಾಯಾಮ, ಒಂದೇ ಫಲ.

ವಾಸ್ತವ: ತೀರಾ ಕುಗ್ಗಿದ ವೃದ್ಧರ ಮೇಲೆ ಕಾರ್ಲಿ ತಂಡವೇ ನಡೆಸಿದ ಇನ್ನೊಂದು ಪ್ರಯೋಗದಲ್ಲಿ (2020) ತೊಡಕುಗಳು ಕಡಿಮೆಯಾಗಲಿಲ್ಲ. ಮೂಳೆಗೆ ಕ್ಯಾನ್ಸರ್ ಹಬ್ಬಿದ್ದರೆ, ರಕ್ತ ಬಹಳ ಕಡಿಮೆಯಿದ್ದರೆ, ನಡೆದಾಗ ಎದೆನೋವು ಬಂದರೆ, ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು. ಆಪರೇಷನ್ ತಾರೀಕು ಬರೆಸಿಕೊಳ್ಳುವ ದಿನವೇ, ಅಲ್ಲಿಯವರೆಗೆ ಏನು ಮಾಡಿಸಬಹುದು ಎಂದೂ ಕೇಳಿ ಬನ್ನಿ.