ಕುರಿ ಮಾಂಸ ಕೆಡುವುದು ಎಲ್ಲಿಂದ?

ಪಾಸ್ಖ ಹಬ್ಬ ಬಂತೆಂದರೆ ಹನ್ನೂರ, ಅಕ್ಕಲಕೋಟ ಕಡೆಯ ನಮ್ಮ ಮನೆಗಳಲ್ಲಿ ಕುರಿ ಮಾಂಸದ ಅಡಿಗೆ ಇದ್ದದ್ದೇ. ಸೊಲ್ಲಾಪುರ ಜಿಲ್ಲೆಯ ಬಿಸಿಲು 40 ಡಿಗ್ರಿ ಮುಟ್ಟುವುದೂ ಆ ದಿನಗಳಲ್ಲಿಯೇ. ಹಬ್ಬದ ಮರುದಿನ ಮಕ್ಕಳಿಗೆ ವಾಂತಿ ಭೇದಿ ಶುರುವಾದರೆ ಊಟ ಹೆಚ್ಚಾಯಿತು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ತಪ್ಪು ಕುರಿ ಕಡಿದ ಜಾಗದಲ್ಲಿಯೇ ಆಗಿರುತ್ತದೆ.

ಆರೋಗ್ಯವಂತ ಕುರಿಯ ಮಾಂಸದ ಒಳಭಾಗದಲ್ಲಿ ರೋಗಾಣುಗಳು ಇರುವುದಿಲ್ಲವೆಂದೇ ಹೇಳಬಹುದು. ಅವು ಇರುವುದು ಉಣ್ಣೆಗೆ ಅಂಟಿದ ಹಿಕ್ಕೆ ಮತ್ತು ಮಣ್ಣಿನಲ್ಲಿ, ಹೊಟ್ಟೆ ಮತ್ತು ಕರುಳಿನಲ್ಲಿ. ಚರ್ಮ ಸುಲಿಯುವಾಗ ಉಣ್ಣೆಯ ಹೊರಮೈ ಮಾಂಸಕ್ಕೆ ತಗಲಿದರೆ, ಚೂರಿ ತಾಗಿ ಕರುಳು ಹರಿದರೆ, ಇ. ಕೋಲೈ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಮಾಂಸಕ್ಕೆ ಬರುತ್ತವೆ. ಅದೇ ಚೂರಿ, ಅದೇ ಬಕೆಟ್ಟಿನ ನೀರು ಮುಂದಿನ ಕುರಿಗೂ ಬಳಕೆಯಾದರೆ ಒಂದರ ಹೊಲಸು ಹತ್ತಕ್ಕೆ ಹರಡುತ್ತದೆ.

ಬೆಚ್ಚಗಿನ ಮಾಂಸದಲ್ಲಿ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆ ಲೆಕ್ಕದಲ್ಲಿ ಒಂದು ಇದ್ದದ್ದು 4 ಗಂಟೆಯಲ್ಲಿ 4 ಸಾವಿರ ದಾಟುತ್ತದೆ. ಚೆನ್ನಾಗಿ ಬೇಯಿಸಿದರೆ ಇವು ಸಾಯುತ್ತವೆ, ನಿಜ. ಆದರೆ ಕೈಯ ಹುಣ್ಣಿನಿಂದ ಬರುವ ಸ್ಟೆಫೈಲೊಕಾಕಸ್ ಮಾಂಸದಲ್ಲಿ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಖೀಮಾ ಮಾಡಿದಾಗಲಂತೂ ಮೇಲಿನ ಹೊಲಸೆಲ್ಲ ಒಳಗೂ ಬೆರೆಯುತ್ತದೆ.

ರೈತರಾದ ನಮ್ಮ ಕೆಲಸ ಹಿಂದಿನ ದಿನವೇ ಆರಂಭವಾಗುತ್ತದೆ. ಕಡಿಯುವ ಮುಂಚೆ ಸುಮಾರು 12 ಗಂಟೆ ಮೇವು ನಿಲ್ಲಿಸಿ ನೀರು ಮಾತ್ರ ಕೊಡಬೇಕು. ಹೊಟ್ಟೆ ಹಗುರಾದರೆ ಕರುಳು ಒಡೆಯುವ ಭಯ ಕಡಿಮೆ. ಬಿಸಿಲಲ್ಲಿ ದೂರ ಓಡಿಸಿ ತಂದ ಕುರಿಯನ್ನು ದಣಿವಾರುವ ಮೊದಲು ಕಡಿಯಬಾರದು. ದಣಿದ ಕುರಿಯ ಮಾಂಸದಲ್ಲಿ ಸಾಕಷ್ಟು ಆಮ್ಲ ಉಂಟಾಗದೆ ಅದು ಬೇಗ ಕೆಡುತ್ತದೆ.

ಕಡಿಯುವಲ್ಲಿ ಇವನ್ನು ಗಮನಿಸೋಣ:

1. ಕುರಿಯನ್ನು ನೆಲದ ಮೇಲೆ ಸುಲಿಯದೆ ತೂಗುಹಾಕಿ ಸುಲಿಯಬೇಕು.
2. ಕರುಳು ತೆಗೆಯುವ ಮೊದಲು ಅನ್ನನಾಳವನ್ನೂ ಗುದದ್ವಾರವನ್ನೂ ದಾರದಿಂದ ಬಿಗಿಯಾಗಿ ಕಟ್ಟಬೇಕು.
3. ಒಂದೊಂದು ಕುರಿಯಾದ ಮೇಲೂ ಚೂರಿಯನ್ನು ತೊಳೆದು ಕುದಿಯುವ ನೀರಿನಲ್ಲಿ ಅದ್ದಬೇಕು. ಕೈಯನ್ನು ಸಾಬೂನಿನಿಂದ ತೊಳೆಯಬೇಕು.
4. ಕರುಳು, ಬೋಟಿಯನ್ನು ಬೇರೆ ಕಡೆ ತೊಳೆಯಬೇಕು. ಆ ನೀರು ಮಾಂಸಕ್ಕೆ ಸಿಡಿಯಬಾರದು.
5. ಮಾಂಸವನ್ನು ನೊಣ ಕೂರದಂತೆ ಮುಚ್ಚಿ, ಬೇಗ ಮನೆಗೆ ಒಯ್ದು ಕೂಡಲೇ ಬೇಯಿಸಬೇಕು, ಇಲ್ಲವೆ ಫ್ರಿಜ್ಜಿನಲ್ಲಿಡಬೇಕು.

ಕೇಂದ್ರ ಸರಕಾರದ 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಗಬ್ಬದ ಕುರಿಯನ್ನಾಗಲಿ 3 ತಿಂಗಳೊಳಗಿನ ಮರಿಯನ್ನಾಗಲಿ ಕಡಿಯುವಂತಿಲ್ಲ. ಪಶುವೈದ್ಯರು ನೋಡಿ ಯೋಗ್ಯವೆಂದ ಪ್ರಾಣಿಯನ್ನೇ ಕಡಿಯಬೇಕು.

ಕೊನೆಯದಾಗಿ ಒಂದು ಮಾತು. ಹಟ್ಟಿಯಲ್ಲಿ ಕುರಿ ತಟ್ಟನೆ ಸತ್ತು, ಮೂಗು ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್, ಇರಬಹುದು. ನಷ್ಟವಾಯಿತೆಂದು ಅದನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಅಗ್ಗಕ್ಕೆ ಮಾರಬೇಡಿ. ಕೊಯ್ದವರಿಗೂ ತಿಂದವರಿಗೂ ಪ್ರಾಣಾಪಾಯ. ಅದರ ಬೀಜಾಣು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹೂಳಿರಿ.

ಒಂದು ಕುರಿಯ ಬೆಲೆ ನಮಗೆ ದೊಡ್ಡದೇ. ಆದರೆ ಮನೆಯವರ ಜೀವಕ್ಕಿಂತ ದೊಡ್ಡದಲ್ಲ.