ಹುಲಿಯೂರುದುರ್ಗ ಕ್ಷೇತ್ರ ಎಲ್ಲಿ ಹೋಯಿತು?

ಮಕ್ಕಳೇ, ತಾತ ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ. ತುಮಕೂರು ಜಿಲ್ಲೆಯಲ್ಲಿ ತಾಲ್ಲೂಕು ಎಷ್ಟು? ಹತ್ತು. ಆ ಜಿಲ್ಲೆಯಿಂದ ವಿಧಾನಸಭೆಗೆ ಆರಿಸಿ ಹೋಗುವವರು ಎಷ್ಟು ಜನ? ಹನ್ನೊಂದು. ಇಷ್ಟನ್ನೂ ಸರಿಯಾಗಿ ಹೇಳಿದರೆ ಮೂರನೆಯ ಪ್ರಶ್ನೆ: ಹುಲಿಯೂರುದುರ್ಗ ಕ್ಷೇತ್ರದ ಶಾಸಕರು ಯಾರು?

ತಾತ ಯಾವುದೋ ಹಳೆಯ ಹೆಸರು ಹೇಳಬಹುದು. ಆದರೆ 2008ರಿಂದ ಆ ಹೆಸರಿನ ಕ್ಷೇತ್ರವೇ ಇಲ್ಲ. ಊರಿದೆ, ದುರ್ಗವಿದೆ, ಜನ ಇದ್ದಾರೆ. ಕ್ಷೇತ್ರ ಮಾತ್ರ ಇಲ್ಲ. ಅಲ್ಲಿಯವರೆಲ್ಲ ಈಗ ಕುಣಿಗಲ್ ಕ್ಷೇತ್ರದ ಮತದಾರರು. ನನ್ನ ಹುಟ್ಟೂರು ಆ ಕಡೆಯದೇ ಆದ್ದರಿಂದ ಇದು ನನಗೆ ಸ್ವಲ್ಪ ಹೊಟ್ಟೆಯೊಳಗಿನ ವಿಷಯ.

ತಾಲ್ಲೂಕಿನ ಗೆರೆ ಬೇರೆ, ವಿಧಾನಸಭಾ ಕ್ಷೇತ್ರದ ಗೆರೆ ಬೇರೆ. ಸಿ.ಎಸ್. ಪುರ ಹೋಬಳಿ ಗುಬ್ಬಿ ತಾಲ್ಲೂಕಿನದು. ಪಹಣಿಗೆ ಗುಬ್ಬಿಗೆ ಬರಬೇಕು. ಮತ ಹಾಕುವುದು ಮಾತ್ರ ತುರುವೇಕೆರೆ ಕ್ಷೇತ್ರಕ್ಕೆ. ಹೆಬ್ಬೂರು, ಗೂಳೂರಿನವರು ದಿನಬೆಳಗಾದರೆ ಬಸ್ಸು ಹತ್ತಿ ತುಮಕೂರು ಪೇಟೆಗೆ ಬರುತ್ತಾರೆ, ಆದರೆ ಅವರದು ತುಮಕೂರು ಗ್ರಾಮಾಂತರ ಕ್ಷೇತ್ರ, ಪೇಟೆಯವರದು ತುಮಕೂರು ನಗರ ಕ್ಷೇತ್ರ. ಲೋಕಸಭೆಗೆ ಬಂದರೆ ಇನ್ನೂ ಮಜಾ. ಕುಣಿಗಲ್‌ನವರು ಬೆಂಗಳೂರು ಗ್ರಾಮಾಂತರಕ್ಕೆ, ಶಿರಾ ಮತ್ತು ಪಾವಗಡದವರು ಚಿತ್ರದುರ್ಗಕ್ಕೆ, ಉಳಿದ ಎಂಟು ಕ್ಷೇತ್ರದವರು ತುಮಕೂರಿಗೆ. ಒಂದೇ ಜಿಲ್ಲೆಗೆ ಮೂರು ಲೋಕಸಭಾ ಸದಸ್ಯರು!

ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಇದನ್ನು ಕೇಳಿ, "ಈ ಗೆರೆ ಎಳೆಯೋರು ಯಾರು ತಾತ?" ಅಂದಳು. ಒಳ್ಳೆಯ ಪ್ರಶ್ನೆ. ಎಳೆಯುವುದು ಕ್ಷೇತ್ರ ಪುನರ್ವಿಂಗಡಣಾ ಆಯೋಗ. ಹಿಂದಿನ ಸಲ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅದರ ಅಧ್ಯಕ್ಷರಾಗಿದ್ದರು. ಆಗ ನಮ್ಮ ಜಿಲ್ಲೆಯ ಕ್ಷೇತ್ರಗಳು ಹದಿಮೂರರಿಂದ ಹನ್ನೊಂದಕ್ಕೆ ಇಳಿದವು. ಹುಲಿಯೂರುದುರ್ಗ, ಬೆಳ್ಳಾವಿ, ಕಳ್ಳಂಬೆಳ್ಳ ಮೂರೂ ಹೋದವು, ತುಮಕೂರು ಎರಡಾಯಿತು.

ಯಾಕೆ ಇಳಿಯಿತು ಎನ್ನುವುದಕ್ಕೆ ಚಹಾ ಅಂಗಡಿಗಳಲ್ಲಿ ನೂರು ಕಾರಣ ಕೇಳಿದ್ದೇನೆ. ಅವರ ಕೈವಾಡ, ಇವರ ಕೈವಾಡ ಅಂತ. ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದವನು, ಲೆಕ್ಕ ಮಾಡಿ ನೋಡದೆ ಒಪ್ಪುವವನಲ್ಲ. ಮಕ್ಕಳೇ, ನೀವೂ ಪೆನ್ಸಿಲ್ ತೆಗೆದುಕೊಳ್ಳಿ, ಬರೀ ಭಾಗಾಕಾರ. 2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5,28,50,562. ವಿಧಾನಸಭೆಯ ಸ್ಥಾನ 224. ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2,35,940 ಜನ. ತುಮಕೂರು ಜಿಲ್ಲೆಯಲ್ಲಿ ಆಗ ಇದ್ದವರು 25,84,711. ಇದನ್ನು 2,35,940ರಿಂದ ಭಾಗಿಸಿ. ಬರುವುದು 10.95, ಅಂದರೆ ಹನ್ನೊಂದು. ಬೆಂಗಳೂರು ನಗರ ಜಿಲ್ಲೆಯ 65,37,124ನ್ನು ಭಾಗಿಸಿದರೆ 27.7, ಅಂದರೆ ಇಪ್ಪತ್ತೆಂಟು. ಇವತ್ತು ಅಲ್ಲಿ ಇರುವುದು ಸರಿಯಾಗಿ 28 ಸ್ಥಾನ. ಎಷ್ಟು ಸ್ಥಾನ ಎನ್ನುವುದರಲ್ಲಿ ಯಾರ ಕೈವಾಡವೂ ಇಲ್ಲ, ತಲೆ ಎಣಿಕೆ ಅಷ್ಟೆ. ಗೆರೆ ಯಾವ ಹಳ್ಳಿಯ ಪಕ್ಕದಲ್ಲಿ ಹಾದುಹೋಗಬೇಕು ಎನ್ನುವುದರಲ್ಲಿ ಜಗ್ಗಾಟ ಇರಬಹುದು, ಆ ಮಾತು ಬೇರೆ.

ಇನ್ನೊಂದು ಭಾಗಾಕಾರ ಮಾಡೋಣ. ಇದು ನನ್ನ ಲೆಕ್ಕ, ಯಾವ ಆಯೋಗದ್ದೂ ಅಲ್ಲ. 2011ರಲ್ಲಿ ರಾಜ್ಯದ ಜನ 6,10,95,297. ಅದೇ 224ರಿಂದ ಭಾಗಿಸಿದರೆ ಕ್ಷೇತ್ರಕ್ಕೆ 2,72,747. ತುಮಕೂರಿನ ಜನ 26,78,980, ಅಂದರೆ 9.8. ಹನ್ನೊಂದು ಹತ್ತಾಯಿತು! ಬೆಂಗಳೂರು ನಗರ ಜಿಲ್ಲೆ 96,21,551, ಅಂದರೆ ಮೂವತ್ತೈದು. ಆ ಹತ್ತು ವರ್ಷದಲ್ಲಿ ನಮ್ಮ ಜಿಲ್ಲೆಯಲ್ಲಿ ಹೆಚ್ಚಿದ್ದು 94 ಸಾವಿರ ಜನ, ಬೆಂಗಳೂರಿನಲ್ಲಿ ಹೆಚ್ಚಿದ್ದು 30 ಲಕ್ಷ. ಆ 30 ಲಕ್ಷದಲ್ಲಿ ನನ್ನ ಇಬ್ಬರು ಗಂಡುಮಕ್ಕಳೂ ಇದ್ದಾರೆ. ಇದನ್ನು ಓದುತ್ತಿರುವ ಎಷ್ಟೋ ತಾತ ಅಜ್ಜಿಯರ ಮಕ್ಕಳೂ ಇರಬೇಕು. ಕೆಲಸ ಹುಡುಕಿಕೊಂಡು ಮಕ್ಕಳು ಹೋದ ಕಡೆಗೇ ಶಾಸಕರ ಸ್ಥಾನವೂ ಹೋಗುತ್ತದೆ. ಊರಿನಲ್ಲಿ ತೋಟ ಕಾಯುತ್ತಾ ಉಳಿದವರಿಗೆ ದೊಡ್ಡ ಕ್ಷೇತ್ರ, ದೂರದ ಶಾಸಕರು. ನ್ಯಾಯವೋ ಅನ್ಯಾಯವೋ? ಒಬ್ಬೊಬ್ಬರ ಮತಕ್ಕೂ ಒಂದೇ ತೂಕ ಇರಬೇಕೆಂದರೆ ಇದೇ ಸರಿ. ಆದರೆ ತೆಂಗಿನ ತೋಟಕ್ಕೆ ನೀರಿಲ್ಲ ಎಂದು ಹೇಳಿಕೊಳ್ಳಲು ಮೂವತ್ತು ಮೈಲಿ ಹೋಗಬೇಕಾದವನಿಗೆ ಆ ತೂಕದ ಮಾತು ಹೇಳಿ ನೋಡಿ!

2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿ ಬರುವವರೆಗೆ ಸ್ಥಾನಗಳ ಒಟ್ಟು ಸಂಖ್ಯೆಯನ್ನು ಬದಲಿಸುವಂತಿಲ್ಲ ಎಂದು ಸಂವಿಧಾನದ 84ನೆಯ ತಿದ್ದುಪಡಿ ಕಟ್ಟುಹಾಕಿತು. ಮುಂದೆ ಒಟ್ಟು ಸ್ಥಾನ 224ಕ್ಕಿಂತ ಹೆಚ್ಚಾದರೆ ನನ್ನ ಲೆಕ್ಕವೂ ಬದಲಾಗುತ್ತದೆ. 1952ರಲ್ಲಿ ಹಳೆಯ ಮೈಸೂರು ವಿಧಾನಸಭೆಯಲ್ಲಿ ಇದ್ದದ್ದು 99 ಸ್ಥಾನ. ನಾನು ಮೊದಲ ಮತ ಹಾಕಿದ 1972ರಲ್ಲಿ 216. ಆಗಲೂ ರಾಜ್ಯದ ಹೆಸರು ಮೈಸೂರೇ. ಮತ ಹಾಕಲು 21 ವರ್ಷ ತುಂಬಿರಬೇಕಿತ್ತು.

ಅದು 18ಕ್ಕೆ ಇಳಿದ ಮೇಲೆ ಬಂದ ಮೊದಲ ಚುನಾವಣೆ 1989ರ ನವೆಂಬರಿನದು. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ. ಬ್ಯಾಂಕಿನವರಿಗೂ ಚುನಾವಣಾ ಡ್ಯೂಟಿ ಹಾಕುತ್ತಾರೆ, ನನಗೆ ಬಂದದ್ದು ಗುಬ್ಬಿ ಕಡೆಯ ಒಂದು ಹಳ್ಳಿ ಶಾಲೆ. ಹಿಂದಿನ ದಿನವೇ ಕಬ್ಬಿಣದ ಮತಪೆಟ್ಟಿಗೆ, ಅರಗು, ದಾರ, ಮೇಣದ ಬತ್ತಿ ಎಲ್ಲ ಎಣಿಸಿಕೊಂಡು ಬಸ್ಸು ಹತ್ತಿ, ರಾತ್ರಿ ಅದೇ ಶಾಲೆಯ ಬೆಂಚು ಜೋಡಿಸಿ ಮಲಗಿದೆವು. ಲೋಕಸಭೆಗೆ ಬಿಳಿ ಮತಪತ್ರ, ವಿಧಾನಸಭೆಗೆ ಗುಲಾಬಿ. ಠಸ್ಸೆ ಒತ್ತಿದ ಮೇಲೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಬೇಕು. ಇಲ್ಲದಿದ್ದರೆ ಹಸಿ ಶಾಯಿ ಪಕ್ಕದ ಚಿಹ್ನೆಗೂ ಅಂಟಿಕೊಳ್ಳುತ್ತದೆ. ನನ್ನ ಕೆಲಸ ಬೆರಳಿಗೆ ಶಾಯಿ ಹಾಕುವುದು. ಒಬ್ಬ ಅಜ್ಜಿ ಕೈ ಕೊಡಲು ಒಪ್ಪಲೇ ಇಲ್ಲ. "ಸಂಜೆ ಮುದ್ದೆ ತಿರುವ್ಬೇಕಪ್ಪ, ಇದು ಹಿಟ್ಟಿಗೆ ಹತ್ತಲ್ವಾ?" ಅಂದಳು. ಹತ್ತುವುದಿಲ್ಲ ತಾಯಿ, ಒಣಗಿದರೆ ತಿಂಗಳಾದರೂ ಹೋಗಲ್ಲ ಎಂದು ಒಪ್ಪಿಸಿದೆ. ಆ ಶಾಯಿ ತಯಾರಾಗುವುದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಕಟ್ಟಿಸಿದ ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ. 1962ರ ಸಾರ್ವತ್ರಿಕ ಚುನಾವಣೆಯಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಹೋಗುತ್ತಿದೆ.

ಮತ ಎಣಿಸುವಾಗ 25 ಮತಪತ್ರಕ್ಕೆ ಒಂದು ಕಟ್ಟು. ನೋಟು ನೂರಕ್ಕೆ ಒಂದು ಕಟ್ಟು ಮಾಡಿ ಅಭ್ಯಾಸವಾದ ನಮಗೆ ಇದು ಮಕ್ಕಳಾಟ. ಈಗ ಯಂತ್ರ ಬಂದು ಆ ಗದ್ದಲವೆಲ್ಲ ನಿಂತಿದೆ. 2004ರಿಂದ ಎಲ್ಲ ಕಡೆಯೂ ಯಂತ್ರವೇ.

ಆ 2004ರಲ್ಲೇ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆದದ್ದನ್ನು ಅಜ್ಜಿ ತಾತಂದಿರು ಮರೆತಿರಲಾರರು. ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ! ಸೋತವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಅದೇ ಕೃಷ್ಣಮೂರ್ತಿಯವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದದ್ದು ಸುಮಾರು 59 ಸಾವಿರ ಮತಗಳ ಅಂತರದಿಂದ. ಆ ಸಂತೇಮರಹಳ್ಳಿ ಕ್ಷೇತ್ರವೂ ನಮ್ಮ ಹುಲಿಯೂರುದುರ್ಗದ ಹಾಗೇ 2008ರಲ್ಲಿ ಮಾಯವಾಯಿತು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16 ಮತ.

ಗುಬ್ಬಿಯದು ಬೇರೆ ಥರದ ಕಥೆ. ಎಸ್.ಆರ್. ಶ್ರೀನಿವಾಸ್ 2004ರಲ್ಲಿ ಪಕ್ಷೇತರರಾಗಿ, ಆಮೇಲೆ ಮೂರು ಸಲ ಜೆಡಿಎಸ್‌ನಿಂದ, 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ಹೆಸರು ಒಂದೇ, ಚಿಹ್ನೆ ಮೂರು. ಕುಣಿಗಲ್‌ನಲ್ಲಿ ಡಾ. ಎಚ್.ಡಿ. ರಂಗನಾಥ್, ತುಮಕೂರು ನಗರದಲ್ಲಿ ಜಿ.ಬಿ. ಜ್ಯೋತಿ ಗಣೇಶ್, ಇಬ್ಬರೂ 2018ರಲ್ಲಿ ಗೆದ್ದು 2023ರಲ್ಲೂ ಗೆದ್ದವರು. ಜ್ಯೋತಿ ಎಂಬ ಹೆಸರು ನೋಡಿ ನನ್ನ ಮೊಮ್ಮಗಳು ಹೆಂಗಸೆಂದೇ ತಿಳಿದಿದ್ದಳು. ಅಲ್ಲ ಎಂದಾಗ, "ಹಾಗಾದ್ರೆ ಹನ್ನೊಂದರಲ್ಲಿ ಹೆಂಗಸರು ಎಷ್ಟು?" ಎಂದು ಕೇಳಿದಳು. 2023ರಲ್ಲಿ ಗೆದ್ದ ಹನ್ನೊಂದೂ ಜನ ಗಂಡಸರೇ. ಅನಿತಾ ಕುಮಾರಸ್ವಾಮಿ ಅವರು 2008ರ ಉಪಚುನಾವಣೆಯಲ್ಲಿ ಮಧುಗಿರಿಯಿಂದ ಗೆದ್ದಿದ್ದರು ಎಂದೆ. ಅವಳಿಗೆ ಅದು ಸಾಲಲಿಲ್ಲ.

ಗುಬ್ಬಿಗೆ ಕೊಟ್ಟಿರುವ ನನ್ನ ಮಗಳ ಮಗನಿಗೆ ಈಗ 17 ವರ್ಷ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. 17 ತುಂಬಿದವರು ನಮೂನೆ 6ರಲ್ಲಿ ಮುಂಚಿತವಾಗಿಯೇ ಅರ್ಜಿ ಹಾಕಬಹುದು, 18 ತುಂಬಿದಾಗ ಹೆಸರು ಸೇರುತ್ತದೆ. ಹಾಸ್ಟೆಲಿನ ಹುಡುಗರು ಹಾಸ್ಟೆಲ್ ವಿಳಾಸವನ್ನಾದರೂ ಕೊಡಬಹುದು, ಅಪ್ಪ ಅಮ್ಮನ ಮನೆಯದನ್ನಾದರೂ ಕೊಡಬಹುದು. ಎರಡರಲ್ಲಿ ಒಂದೇ. ಜನಗಣತಿಯವರು ಅವನನ್ನು ಹಾಸ್ಟೆಲಿನಲ್ಲೇ ಎಣಿಸುತ್ತಾರೆ, ಹಾಗಾಗಿ ತಲೆ ಲೆಕ್ಕದಲ್ಲಿ ಅವನು ಬೆಂಗಳೂರಿನವನೇ. ಮತವಾದರೂ ಗುಬ್ಬಿಯಲ್ಲಿ ಇರಲಿ ಎಂದು ಅವನ ಅಜ್ಜಿಯ ಹಟ. ಅರ್ಜಿ ಇನ್ನೂ ತುಂಬಿಲ್ಲ.